ಕೂತಾಗ ಕಾಣದ್ದು: ಕ್ರಾಸೋವರ್ ಹೊಸದೋ, ಸೆಕೆಂಡ್ ಹ್ಯಾಂಡೋ?

ಕ್ರಾಸೋವರ್, ಅಂದರೆ ಎಸ್‌ಯುವಿಯ ಹಾಗೆ ಕಾಣುವ ಎತ್ತರದ ಕಾರು, ನೋಡಲು ಹೋದವರು ಮೊದಲು ಬಾಗಿಲು ತೆಗೆದು ಕೂರುತ್ತಾರೆ. ಅಲ್ಲಿಗೆ ಅರ್ಧ ವ್ಯಾಪಾರ ಮುಗಿದ ಹಾಗೆ. ಸೀಟು ಹೆಚ್ಚುಕಡಿಮೆ ಸೊಂಟದ ಎತ್ತರಕ್ಕೇ ಇರುತ್ತದೆ. ಚಿಕ್ಕ ಕಾರಿಗೆ ಬಗ್ಗಿದ ಹಾಗೆ ಬಗ್ಗಬೇಕಿಲ್ಲ, ಜೀಪಿಗೆ ಹತ್ತಿದ ಹಾಗೆ ಕಾಲೆತ್ತಿ ಹತ್ತಬೇಕಿಲ್ಲ. ಸುಮ್ನೆ ಹಿಂದಕ್ಕೆ ಜರುಗಿದರೆ ಕೂತಾಯ್ತು. ಮಂಡಿನೋವಿರುವ ಅಮ್ಮನನ್ನು ಒಮ್ಮೆ ಕೂರಿಸಿದರೆ ಸಾಕು, ಮನೆಯಲ್ಲಿ ಚರ್ಚೆಯೇ ಬೇಡ. ಮುಂದೆ ರಸ್ತೆ ಉದ್ದಕ್ಕೂ ಕಾಣುತ್ತದೆ, ಪಕ್ಕದಲ್ಲಿ ದೊಡ್ಡ ಸ್ಕ್ರೀನ್ ಹೊಳೆಯುತ್ತಿರುತ್ತದೆ.

ತೊಂದರೆ ಏನೆಂದರೆ, ಮುಂದೆ ನಿಮ್ಮ ದುಡ್ಡು ತಿನ್ನುವ ಭಾಗ ಯಾವುದೂ ಆ ಸೀಟಿನಿಂದ ಕಾಣುವುದಿಲ್ಲ. ಗೇರ್‌ಬಾಕ್ಸ್, ಹಿಂದಿನ ಚಕ್ರಕ್ಕೆ ಬಲ ಕೊಡುವ ಕ್ಲಚ್, ಟೈರು, ಹೈಬ್ರಿಡ್ (ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ) ಗಾಡಿಯ ಬ್ಯಾಟರಿ, ಎಲ್ಲ ಕಣ್ಣಿಗೆ ಮರೆಯಲ್ಲೇ ಇರುತ್ತವೆ. "ಹೊಸದು ತಗೊಳ್ಳಲೋ, ಸೆಕೆಂಡ್ ಹ್ಯಾಂಡ್ ಸಾಕೋ?" ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಆ ಪ್ರಶ್ನೆಯನ್ನು ಇಡೀ ಗಾಡಿಗೆ ಕೇಳಬೇಡಿ, ಅದರ ಒಂದೊಂದು ಭಾಗಕ್ಕೆ ಕೇಳಿ. ಕೆಲವು ಭಾಗಗಳು ಹತ್ತು ವರ್ಷ ಹಳೆಯದಾದರೂ ತಲೆ ಕೆಡಿಸುವುದಿಲ್ಲ. ಕೆಲವು ಹಿಂದಿನವರು ಹೇಗೆ ನೋಡಿಕೊಂಡರು ಎಂಬುದರ ಮೇಲೆ ನಿಂತಿರುತ್ತವೆ. ಇನ್ನು ಕೆಲವನ್ನು ಹಳೆಯದಾಗಿ ಕೊಳ್ಳುವುದೇ ದಡ್ಡತನ.

ಮೈ ಎತ್ತರ, ಒಳಗೆ ಕಾರೇ

ಹಳೇ ಕಾಲದ ಎಸ್‌ಯುವಿಗೆ ಕೆಳಗೆ ಏಣಿಯಂಥ ಉಕ್ಕಿನ ಚೌಕಟ್ಟು ಇರುತ್ತದೆ. ಎಂಜಿನ್, ಆಕ್ಸಲ್ ಎಲ್ಲ ಅದಕ್ಕೆ ಕಟ್ಟಿ, ಮೇಲೆ ಬಾಡಿ ಕೂರಿಸಿ ಬೋಲ್ಟ್ ಹಾಕುತ್ತಾರೆ. ಕ್ರಾಸೋವರ್‌ನಲ್ಲಿ ಆ ಏಣಿಯೇ ಇಲ್ಲ. ಮಾಮೂಲಿ ಕಾರಿನ ಹಾಗೆ ಬಾಡಿಯೇ ಚೌಕಟ್ಟು. ಇದಕ್ಕೆ ಮಾನೋಕಾಕ್ ಎನ್ನುತ್ತಾರೆ. 1977ರ ಲಾಡಾ ನಿವಾದಲ್ಲೇ ಇಂಥ ರಚನೆ ಇತ್ತು. ಆದರೆ ನಾವು ಇವತ್ತು ಕ್ರಾಸೋವರ್ ಅನ್ನುವ ಆಕಾರ ಗಟ್ಟಿಯಾಗಿದ್ದು 1990ರ ದಶಕದಲ್ಲಿ. 1994ರಲ್ಲಿ ಟೊಯೋಟಾ ರಾವ್4 ಬಂತು. 1995ರಲ್ಲಿ ಸಿವಿಕ್ ಕಾರಿನ ಆಧಾರದ ಮೇಲೆ ಹೋಂಡಾ ಸಿಆರ್-ವಿ, 1997ರಲ್ಲಿ ಇಂಪ್ರೆಜಾ ಆಧಾರದ ಮೇಲೆ ಸುಬಾರು ಫಾರೆಸ್ಟರ್. ಮೂರರದ್ದೂ ಒಂದೇ ಉಪಾಯ: ಕಾರಿನ ಒಳಭಾಗ, ಜೀಪಿನ ಗತ್ತು.

ಇದರಿಂದ ಗಾಡಿ ಹಗುರ, ಓಟ ಮೆತ್ತಗೆ, ಮೈಲೇಜ್ ಪರವಾಗಿಲ್ಲ. ಬಂಡೆಗಲ್ಲಿನ ಮೇಲೆ ಹತ್ತಿಸುವುದು, ಭಾರೀ ಟ್ರೇಲರ್ ಎಳೆಸುವುದು ಇದರ ಕೆಲಸವಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೊಂದು ಮಾತು ನೆನಪಿಡಬೇಕು. ಬಾಡಿಯೇ ಚೌಕಟ್ಟಾದ್ದರಿಂದ ಜೋರಾದ ಅಪಘಾತವಾಗಿದ್ದರೆ ಅದು ಬರೀ ಬಾಗಿಲು-ಬಂಪರಿನ ವಿಷಯವಾಗಿ ಉಳಿಯುವುದಿಲ್ಲ. ಗಾಡಿಯ ಬೆನ್ನುಮೂಳೆಯೇ ಸೊಟ್ಟಗಾಗಿರಬಹುದು. ಟಿಂಕರಿಂಗ್ ಮಾಡಿ ಪೇಂಟ್ ಹೊಡೆದರೆ ಹೊರಗೆ ಕಾಣುವುದಿಲ್ಲ, ಅಷ್ಟೇ.

"ಕಾಂಪ್ಯಾಕ್ಟ್" ಅನ್ನುವ ಪದವನ್ನು ಜಾಸ್ತಿ ನಂಬಬೇಡಿ. ಒಂದು ಕಡೆ ಕಾಂಪ್ಯಾಕ್ಟ್ ಎಂದರೆ ನಾಲ್ಕು ಮೀಟರಿನ ಗಾಡಿ, ಇನ್ನೊಂದು ಕಡೆ 4.6 ಮೀಟರಿನದು. ಹೆಸರು ಬಿಟ್ಟು ಟೇಪ್ ಹಿಡಿಯಿರಿ. ನಿಮ್ಮ ಪಾರ್ಕಿಂಗ್ ಜಾಗದ ಉದ್ದ, ಅಗಲ, ಬಾಗಿಲು ತೆರೆಯಲು ಬೇಕಾದ ಜಾಗ ಅಳೆದುಕೊಂಡು ಹೋಗಿ. ಅಗಲ ನೋಡುವಾಗ ಕನ್ನಡಿ ಸೇರಿಸಿದ ಅಳತೆ ಕೇಳಿ. ಬ್ರೋಶರ್‌ನಲ್ಲಿ ಸಾಮಾನ್ಯವಾಗಿ ಕನ್ನಡಿ ಬಿಟ್ಟು ಹಾಕಿರುತ್ತಾರೆ.

ಎತ್ತರಕ್ಕೆ ಕೊಡುವ ಬೆಲೆ

ಎತ್ತರ ಪುಕ್ಕಟೆ ಬರುವುದಿಲ್ಲ. ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 110ಕ್ಕೆ ಹೋದರೆ ತಡೆ ಹತ್ತಿರ ಹತ್ತಿರ ಎರಡರಷ್ಟು. ಎತ್ತರದ ಗಾಡಿ ಗಾಳಿಗೆ ಒಡ್ಡುವ ಎದೆಯೂ ಅಗಲ. ಅದಕ್ಕೇ ಊರೊಳಗೆ ಕಾರಿನಷ್ಟೇ ಮೈಲೇಜ್ ಕೊಡುವ ಕ್ರಾಸೋವರ್ ಹೆದ್ದಾರಿಯಲ್ಲಿ ಹಿಂದೆ ಬೀಳುತ್ತದೆ.

ಇನ್ನೊಂದು, ಸಡನ್ನಾಗಿ ಸ್ಟೇರಿಂಗ್ ತಿರುಗಿಸಿದಾಗ ಎತ್ತರದ ಗಾಡಿ ಜಾಸ್ತಿ ವಾಲುತ್ತದೆ. 1997ರಲ್ಲಿ ಸ್ವೀಡನ್ನಿನ ಒಂದು ಪತ್ರಿಕೆ ಮರ್ಸಿಡಿಸ್ ಎ-ಕ್ಲಾಸ್ ಎಂಬ ಎತ್ತರದ ಚಿಕ್ಕ ಕಾರನ್ನು ಪರೀಕ್ಷೆಗೆ ಹಾಕಿತು. ರಸ್ತೆಗೆ ಅಡ್ಡ ಬಂದ ಮೂಸ್, ಅಂದರೆ ಕುದುರೆ ಗಾತ್ರದ ಜಿಂಕೆಯನ್ನು ತಪ್ಪಿಸುವ ಪರೀಕ್ಷೆ ಅದು. ಕಾರು ಮಗುಚಿಕೊಂಡಿತು. ಕಂಪನಿ ಆ ಕಾರುಗಳನ್ನು ವಾಪಸ್ ಕರೆಸಿ ಸ್ಟೆಬಿಲಿಟಿ ಕಂಟ್ರೋಲ್ ಹಾಕಿಕೊಟ್ಟಿತು. ಗಾಡಿ ಜಾರಲು ಶುರುವಾದರೆ ಬೇಕಾದ ಒಂದೇ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ ಇದು. ಇಎಸ್‌ಸಿ ಎಂದೂ ಕರೆಯುತ್ತಾರೆ. ಇದಿದ್ದರೆ ಒಂಟಿ ಗಾಡಿಯ ಮಾರಣಾಂತಿಕ ಅಪಘಾತದ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ, ಯುರೋಪಿನಲ್ಲಿ 2014ರಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ. ಬೇರೆ ಕಡೆ ಎಷ್ಟೋ ವರ್ಷ ದುಬಾರಿ ವೇರಿಯಂಟ್‌ಗೆ ಮಾತ್ರ ಬರುತ್ತಿತ್ತು. ಹಾಗಾಗಿ ಹಳೇ ಕ್ರಾಸೋವರ್ ನೋಡುವಾಗ ನನ್ನ ಮೊದಲ ಪ್ರಶ್ನೆ ಇದೇ: ಈ ವೇರಿಯಂಟ್‌ನಲ್ಲಿ ಇಎಸ್‌ಸಿ ಇದೆಯಾ? ಇಲ್ಲವೆಂದರೆ ಸನ್‌ರೂಫ್ ಇದ್ದರೂ ನನಗೆ ಬೇಡ.

ಕ್ರ್ಯಾಶ್ ಟೆಸ್ಟ್ ಸ್ಟಾರ್‌ಗಳ ವಿಷಯದಲ್ಲೂ ಇಸವಿ ನೋಡಬೇಕು. ಯುರೋಪಿನ ಕ್ರ್ಯಾಶ್ ಟೆಸ್ಟ್ ಸಂಸ್ಥೆ ಯುರೋ ಎನ್‌ಕ್ಯಾಪ್ 1997ರಲ್ಲಿ ಶುರುವಾಯಿತು, ಆಮೇಲೆ ಅದರ ಪರೀಕ್ಷೆ ಮತ್ತೆ ಮತ್ತೆ ಬಿಗಿಯಾಗಿದೆ. 2010ರ ಐದು ಸ್ಟಾರೂ 2022ರ ಐದು ಸ್ಟಾರೂ ಒಂದೇ ಅಲ್ಲ.

ನಾಲ್ಕು ಚಕ್ರದ ಮೋಹ

ಮುಕ್ಕಾಲು ಪಾಲು ಜನರಿಗೆ ಆಲ್-ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ವ್ಯವಸ್ಥೆ, ಬೇಕಿಲ್ಲ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬರಬಹುದು.

ಹೆಚ್ಚಿನ ಕ್ರಾಸೋವರ್‌ಗಳಲ್ಲಿ ಮಾಮೂಲಿ ಓಟದಲ್ಲಿ ಮುಂದಿನ ಚಕ್ರಗಳೇ ಎಳೆಯುತ್ತವೆ. ಮುಂದಿನ ಚಕ್ರ ಜಾರಿತು ಅಂತ ಗೊತ್ತಾದರೆ ಹಿಂದಿರುವ ಒಂದು ಕ್ಲಚ್ ಬಿಗಿದುಕೊಂಡು ಹಿಂದಿನ ಚಕ್ರಕ್ಕೂ ಬಲ ಕಳಿಸುತ್ತದೆ. ಕೆಸರು, ಹಿಮ, ಒದ್ದೆ ಏರು ಇದ್ದಲ್ಲಿ ಇದು ದೇವರಂಥ ವ್ಯವಸ್ಥೆ. ಆದರೆ ಇದು ಗಾಡಿ ಹೊರಡಲು ಸಹಾಯ ಮಾಡುತ್ತದೆ, ನಿಲ್ಲಿಸಲು ಅಲ್ಲ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ, ಅಲ್ವಾ? ನಿಲ್ಲಿಸುವುದು ಟೈರು. ಒಳ್ಳೆಯ ಟೈರಿರುವ ಟೂ-ವೀಲ್ ಡ್ರೈವ್ ಗಾಡಿ, ಸವೆದ ಟೈರಿನ ಆಲ್-ವೀಲ್ ಡ್ರೈವ್‌ಗಿಂತ ಎಷ್ಟೋ ವಾಸಿ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಮೊದಲ ಸೆಕೆಂಡ್ ಹ್ಯಾಂಡ್ ಕ್ರಾಸೋವರ್ ಆಲ್-ವೀಲ್ ಡ್ರೈವ್. ಮೂರು ಟೈರು ಅರ್ಧ ಸವೆದಿದ್ದವು, ಒಂದು ಹೊಚ್ಚ ಹೊಸದು. "ಒಂದು ಟೈರಿನ ಖರ್ಚು ಉಳೀತು" ಅಂತ ಖುಷಿಪಟ್ಟೆ. ಕೆಲವು ತಿಂಗಳಿಗೆ ಹಿಂದಿನಿಂದ ಗುಂಯ್ ಅನ್ನುವ ಸದ್ದು ಶುರುವಾಯಿತು. ಮೆಕ್ಯಾನಿಕ್ ಗಾಡಿ ಎತ್ತಿ, ನಾಲ್ಕು ಟೈರನ್ನೂ ಕೈಯಲ್ಲಿ ಸವರಿ, ನನ್ನ ಮುಖ ನೋಡಿದ. ಹೊಸ ಟೈರಿನ ಸುತ್ತಳತೆ ಉಳಿದವಕ್ಕಿಂತ ಒಂಚೂರು ಜಾಸ್ತಿ. ಅದರಿಂದ ಚಕ್ರಗಳ ವೇಗದಲ್ಲಿ ಸದಾ ಸಣ್ಣ ವ್ಯತ್ಯಾಸ. ಗಾಡಿಗೆ ಅದು ಚಕ್ರ ಜಾರಿದ ಹಾಗೇ ಕಾಣುತ್ತದೆ. ಹಿಂದಿನ ಕ್ಲಚ್ ಪಾಪ, ಒಣ ರಸ್ತೆಯಲ್ಲೂ ಬಿಗಿದು ಬಿಟ್ಟು, ಬಿಗಿದು ಬಿಟ್ಟು, ಕಾದು ಸವೆದಿತ್ತು. ಒಂದು ಟೈರಿನ ಲಾಭಕ್ಕೆ ನಾಲ್ಕು ಟೈರು ಮತ್ತು ಒಂದು ಕ್ಲಚ್ ಹೋಯಿತು.

ಅಂದಿನಿಂದ ಆಲ್-ವೀಲ್ ಡ್ರೈವ್ ಗಾಡಿ ನೋಡುವಾಗ ನಾಲ್ಕೂ ಟೈರು ಒಂದೇ ಕಂಪನಿಯದೋ, ಒಂದೇ ಸವೆತವೋ ನೋಡುತ್ತೇನೆ. ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಬಲ ಹಂಚುವ ಗೇರ್), ಕ್ಲಚ್‌ನ ಆಯಿಲ್ ಬದಲಿಸಿದ ಬಿಲ್ ಕೇಳುತ್ತೇನೆ. ಇದು ಇತಿಹಾಸದ ಮೇಲೆ ನಿಂತ ಭಾಗ. ಬಿಲ್ ಇದ್ದರೆ ಹಳೆಯದು ಪರವಾಗಿಲ್ಲ, ಇಲ್ಲವೆಂದರೆ ಟೂ-ವೀಲ್ ಡ್ರೈವ್ ಹುಡುಕಿ.

ಗೇರ್‌ಬಾಕ್ಸ್: ಇಲ್ಲಿ ನಿಧಾನ ಮಾಡಿ

ಆಟೋಮ್ಯಾಟಿಕ್ ಎಂದರೆ ಒಂದೇ ಅಲ್ಲ. ಮೂರು-ನಾಲ್ಕು ಬಗೆಯ ಬೇರೆ ಬೇರೆ ಯಂತ್ರಗಳು ಒಂದೇ ಹೆಸರಿನಲ್ಲಿ ಬರುತ್ತವೆ, ಅವು ಮುದಿಯಾಗುವ ರೀತಿಯೂ ಬೇರೆ ಬೇರೆ.

ಹಳೆಯದು ಟಾರ್ಕ್ ಕನ್ವರ್ಟರ್. ಎಂಜಿನ್ ಮತ್ತು ಗೇರ್ ನಡುವೆ ಎಣ್ಣೆಯೇ ಬಲ ದಾಟಿಸುತ್ತದೆ. ಎರಡು ಫ್ಯಾನ್ ಎದುರುಬದುರು ಇಟ್ಟು ಒಂದನ್ನು ತಿರುಗಿಸಿದರೆ ಇನ್ನೊಂದು ಗಾಳಿಗೆ ತಿರುಗುವುದಿಲ್ಲವೇ, ಹಾಗೆ. ಟ್ರಾಫಿಕ್ಕಿನಲ್ಲಿ ತೆವಳಿದರೂ ಇದಕ್ಕೆ ಬೇಸರವಿಲ್ಲ. ಸೆಕೆಂಡ್ ಹ್ಯಾಂಡ್‌ಗೆ ನನ್ನ ಮೊದಲ ಆಯ್ಕೆ ಇದು.

ಸಿವಿಟಿಯಲ್ಲಿ ಹಲ್ಲಿರುವ ಗೇರೇ ಬಲ ಬದಲಿಸುವುದಿಲ್ಲ. ಎರಡು ಶಂಕುವಿನಾಕಾರದ ರಾಟೆಗಳು, ನಡುವೆ ಒಂದು ಉಕ್ಕಿನ ಬೆಲ್ಟ್. ಪ್ರತಿ ರಾಟೆಯ ಎರಡು ಹೋಳುಗಳು ಹತ್ತಿರ-ದೂರ ಸರಿದಂತೆ ಬೆಲ್ಟ್ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಜರ್ಕ್ ಅನ್ನುವುದೇ ಇಲ್ಲ. ಒತ್ತಿ ಓಡಿಸಿದರೆ ಮಿಕ್ಸಿ ಹಾಕಿದ ಹಾಗೆ ಒಂದೇ ಸದ್ದು, ಅದು ಅದರ ಸ್ವಭಾವ, ದೋಷವಲ್ಲ. ಬೆಲ್ಟ್ ಮತ್ತು ರಾಟೆಯ ನಡುವಿನ ಹಿಡಿತವೇ ಇದರ ಜೀವ. ಆಯಿಲ್ ಹಳೆಯದಾದರೆ, ಕಾದರೆ, ಹಿಡಿತ ತಪ್ಪಿ ಬೆಲ್ಟ್ ಜಾರುತ್ತದೆ. ಜಾರಿದ ಬೆಲ್ಟ್ ರಾಟೆಯನ್ನು ಗೀಚುತ್ತದೆ. ಆಮೇಲೆ ರಿಪೇರಿ ಅನ್ನುವುದಕ್ಕಿಂತ ಇಡೀ ಪೆಟ್ಟಿಗೆ ಬದಲಿಸುವುದೇ ಜಾಸ್ತಿ. "ಇದರ ಆಯಿಲ್ ಜೀವಮಾನವಿಡೀ ಬದಲಿಸಬೇಕಿಲ್ಲ" ಎಂದು ಕೆಲವರು ಹೇಳುತ್ತಾರೆ. ಯಾರ ಜೀವಮಾನ? ಆಯಿಲ್‌ದೋ, ಗೇರ್‌ಬಾಕ್ಸ್‌ದೋ, ವಾರಂಟಿಯದೋ? ಆಯಿಲ್ ಬದಲಿಸಿದ ದಾಖಲೆ ಇಲ್ಲದ, ಒಂದು ಲಕ್ಷ ಕಿಲೋಮೀಟರ್ ದಾಟಿದ ಸಿವಿಟಿಯನ್ನು ನಾನು ಮುಟ್ಟುವುದಿಲ್ಲ.

ಮೂರನೆಯದು ಡ್ಯುಯಲ್ ಕ್ಲಚ್. ಒಳಗೆ ಹೆಚ್ಚುಕಡಿಮೆ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಎರಡು ಕ್ಲಚ್ ಇರುತ್ತದೆ. ಒಂದರಲ್ಲಿ ಒಂದನೇ, ಮೂರನೇ, ಐದನೇ ಗೇರು, ಇನ್ನೊಂದರಲ್ಲಿ ಎರಡನೇ, ನಾಲ್ಕನೇ, ಆರನೇ ಗೇರು. ಒಂದು ಬಿಡುವಾಗಲೇ ಇನ್ನೊಂದು ಹಿಡಿದುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಮಜಾ. ಟ್ರಾಫಿಕ್ಕಿನಲ್ಲಿ ಇಂಚಿಂಚು ತೆವಳುವಾಗ ಮಾತ್ರ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತದೆ. ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್ ಆದರೆ ತಡೆದುಕೊಳ್ಳುತ್ತದೆ, ಡ್ರೈ ಕ್ಲಚ್ ಬೇಗ ಸುಸ್ತಾಗುತ್ತದೆ. ದಿನಾ ಜಾಮ್‌ನಲ್ಲಿ ಸಿಕ್ಕಿಕೊಳ್ಳುವವರು ಇದನ್ನು ಹೊಸದಾಗಿ ವಾರಂಟಿಯೊಂದಿಗೆ ಕೊಂಡರೆ ನೆಮ್ಮದಿ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಟೊಯೋಟಾ ರೀತಿಯ ಹೈಬ್ರಿಡ್‌ಗಳಿಗೆ "ಇ-ಸಿವಿಟಿ" ಎಂದು ಬರೆದಿರುತ್ತಾರೆ. ಅದನ್ನು ನೋಡಿ ಹೆದರಬೇಡಿ. ಅದರಲ್ಲಿ ಬೆಲ್ಟೂ ಇಲ್ಲ, ಜಾರುವ ರಾಟೆಯೂ ಇಲ್ಲ. ಒಂದು ಪ್ಲಾನೆಟರಿ ಗೇರ್ ಸೆಟ್ (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ತಿರುಗುವ ಜೋಡಣೆ), ಎರಡು ಎಲೆಕ್ಟ್ರಿಕ್ ಮೋಟಾರ್, ಅಷ್ಟೇ. ಹೆಸರೊಂದೇ, ಯಂತ್ರ ಬೇರೆ. 1997ರ ಪ್ರಿಯಸ್‌ನಿಂದ ನಡೆದುಬಂದ ಈ ವಿನ್ಯಾಸ ಸವೆಯುವ ಭಾಗ ಕಡಿಮೆ ಇರುವ ಗೇರ್‌ಬಾಕ್ಸ್‌ಗಳಲ್ಲಿ ಒಂದು.

ಎಂಜಿನ್: ನೀವು ಎಷ್ಟು ದೂರ ಹೋಗುತ್ತೀರಿ?

ಮಾಡೆಲ್ ಹೆಸರಿಗಿಂತ ಮೊದಲು ನಿಮ್ಮ ದಿನದ ಓಡಾಟ ಹೇಳಿ. ಮನೆಯಿಂದ ಆಫೀಸಿಗೆ ಐದು ಕಿಲೋಮೀಟರ್, ಅದೂ ತೆವಳುತ್ತಾ? ಹಾಗಿದ್ದರೆ ಈಚಿನ ಡೀಸೆಲ್ ಬೇಡವೇ ಬೇಡ. ಅದರ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತ. ತುಂಬಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಹಾಕಬೇಕು. ಅಷ್ಟು ಕಾಯಲು ಉದ್ದದ ಓಟ ಬೇಕು. ಸಣ್ಣ ಸಣ್ಣ ಓಡಾಟದಲ್ಲಿ ಎಂಜಿನ್ ಬಿಸಿಯಾಗುವ ಮೊದಲೇ ಬಂದ್ ಆಗುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಇದು ತಮಾಷೆಯಾಗುತ್ತದೆ. "ಕಡಿಮೆ ಓಡಿದ ಡೀಸೆಲ್" ಎಂದರೆ ಎಲ್ಲರೂ ಬೀಳುತ್ತಾರೆ. ಹೆದ್ದಾರಿಯಲ್ಲಿ ಜಾಸ್ತಿ ಓಡಿದ ಡೀಸೆಲ್ಲೇ ಎಷ್ಟೋ ಸಲ ಒಳ್ಳೆಯದಿರುತ್ತದೆ.

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಚಿಕ್ಕ ಪೆಟ್ರೋಲ್ ಎಂಜಿನ್‌ಗೆ ಪಿಕಪ್ ಚೆನ್ನ. ಆದರೆ ಅದು ಎಂಜಿನ್ ಆಯಿಲ್ ವಿಷಯದಲ್ಲಿ ಸೋಮಾರಿತನ ಕ್ಷಮಿಸುವುದಿಲ್ಲ. ಬರೀ ಡೈರೆಕ್ಟ್ ಇಂಜೆಕ್ಷನ್ ಇರುವ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಚಿಮ್ಮುವುದರಿಂದ, ಒಳಗೆ ಗಾಳಿ ಬರುವ ವಾಲ್ವ್‌ಗಳನ್ನು ತೊಳೆಯುವವರು ಯಾರೂ ಇರುವುದಿಲ್ಲ. ವರ್ಷಗಳಲ್ಲಿ ಅಲ್ಲಿ ಇಂಗಾಲದ ಪದರ ಕೂರುತ್ತದೆ. ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್ ಬೋರು ಹೊಡೆಸಬಹುದು, ಹಳೆಯದಾದಾಗ ಆ ಬೋರೇ ಅದರ ಗುಣ.

ಹೈಬ್ರಿಡ್ ಊರೊಳಗೆ ರಾಜ. ಬ್ರೇಕ್ ಒತ್ತಿದಾಗ ಮೋಟಾರೇ ಗಾಡಿಯನ್ನು ತಡೆದು ಬ್ಯಾಟರಿ ತುಂಬಿಸುವುದರಿಂದ ಬ್ರೇಕ್ ಪ್ಯಾಡೂ ನಿಧಾನಕ್ಕೆ ಸವೆಯುತ್ತದೆ. ಹಳೆಯದನ್ನು ಕೊಳ್ಳುವವರಿಗೆ ಒಂದು ಗುಟ್ಟು: ಹಲವು ಹೈಬ್ರಿಡ್‌ಗಳಲ್ಲಿ ಬ್ಯಾಟರಿ ತಂಪು ಮಾಡುವ ಗಾಳಿ ಹಿಂದಿನ ಸೀಟಿನ ಹತ್ತಿರದ ಒಂದು ಜಾಲರಿಯಿಂದ ಹೋಗುತ್ತದೆ. ಅದರಲ್ಲಿ ಧೂಳು, ನಾಯಿಕೂದಲು ಕಟ್ಟಿಕೊಂಡಿದ್ದರೆ ಬ್ಯಾಟರಿ ವರ್ಷಗಟ್ಟಲೆ ಬೆಂದಿದೆ ಎಂದೇ ಲೆಕ್ಕ. ಬೆರಳು ಹಾಕಿ ಸವರಿ ನೋಡಿ.

ಪೂರ್ತಿ ಎಲೆಕ್ಟ್ರಿಕ್ ಆದರೆ ಬ್ಯಾಟರಿಯ ಆರೋಗ್ಯ ಎಷ್ಟು ಪರ್ಸೆಂಟ್ ಉಳಿದಿದೆ, ವಾರಂಟಿ ಎಷ್ಟು ಉಳಿದಿದೆ, ಈ ಎರಡೇ ಪ್ರಶ್ನೆ. ಬಹಳಷ್ಟು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ಅದು ಮುಂದಿನ ಮಾಲೀಕರಿಗೂ ದಾಟುತ್ತದೆಯೇ ಎಂದು ಕಾಗದದಲ್ಲಿ ಓದಿ.

ಲೆಕ್ಕ

ಸುಮ್ನೆ ಲೆಕ್ಕಕ್ಕೆ ಹೊಸ ಗಾಡಿಯ ಬೆಲೆ 100 ಅಂದುಕೊಳ್ಳಿ. ಐದು ವರ್ಷ ಬಿಟ್ಟು ಮಾರಿದರೆ 45 ಸಿಕ್ಕಿತು ಎನ್ನೋಣ. ಕಳೆದದ್ದು 55. ಅದೇ ಗಾಡಿಯನ್ನು ಮೂರು ವರ್ಷ ಹಳೆಯದಾಗಿ 60ಕ್ಕೆ ಕೊಂಡು, ಐದು ವರ್ಷ ಓಡಿಸಿ 28ಕ್ಕೆ ಮಾರಿದರೆ ಕಳೆದದ್ದು 32. ವ್ಯತ್ಯಾಸ 23. ಈ 23 ನಿಮ್ಮ ಲಾಭ ಅಂತ ಈಗಲೇ ಖರ್ಚು ಮಾಡಬೇಡಿ. ಅದು ರಿಪೇರಿಯ ಡಬ್ಬಿ. ಟೈರು, ಬ್ರೇಕು, ಸಸ್ಪೆನ್ಷನ್ ಬುಶ್ ಅದರಲ್ಲಿ ಮುಗಿಯುತ್ತದೆ, ಮಿಗುತ್ತದೆ ಕೂಡ. ಒಂದು ಸಿವಿಟಿ ಹೋದರೆ ಡಬ್ಬಿ ಅರ್ಧ ಖಾಲಿ. ಭಾಗ ಭಾಗವಾಗಿ ನೋಡಿ ಎಂದದ್ದು ಇದಕ್ಕೇ.

ಸಾಲದ ಬಡ್ಡಿಯನ್ನೂ ಸೇರಿಸಿ. ಹಳೇ ಗಾಡಿಯ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಜಾಸ್ತಿ. ಮಾರುಕಟ್ಟೆಯೂ ಸದಾ ಒಂದೇ ಥರ ಇರುವುದಿಲ್ಲ. 2021ರಲ್ಲಿ ಚಿಪ್ ಕೊರತೆಯಿಂದ ಹೊಸ ಗಾಡಿ ಸಿಗದೆ, ಕೆಲವು ಕಡೆ ಒಂದು ವರ್ಷ ಓಡಿದ ಗಾಡಿಗಳು ಹೊಸದಕ್ಕಿಂತ ಜಾಸ್ತಿ ಬೆಲೆಗೆ ಹೋದವು. ಹೊಸದಕ್ಕೂ ಎರಡು ವರ್ಷ ಹಳೆಯದಕ್ಕೂ ಬೆಲೆಯಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ದರೆ ಕಣ್ಣು ಮುಚ್ಚಿ ಹೊಸದು ತಗೊಳ್ಳಿ.

ಹೊಸದು ಕೊಳ್ಳುವವರಿಗೆ ಎರಡೇ ಮಾತು. ಹೊಸ ತಲೆಮಾರಿನ ಮಾಡೆಲ್ ಬಂದ ಮೊದಲ ವರ್ಷ ಆದಷ್ಟು ಕಾಯಿರಿ, ಆ ವರ್ಷದ ದೋಷಗಳನ್ನು ಬೇರೆಯವರು ಕಂಡುಹಿಡಿಯಲಿ. ಮತ್ತೆ, ದೊಡ್ಡ ರಿಮ್ಮಿಗೆ ಮರುಳಾಗಬೇಡಿ. 17 ಇಂಚಿನ ಬದಲು 19 ಇಂಚಿನ ಚಕ್ರ ನೋಡಲು ಭರ್ಜರಿ, ಆದರೆ ಟೈರಿನ ಗೋಡೆ ತೆಳುವಾಗುತ್ತದೆ. ಗುಂಡಿಗೆ ಬಿದ್ದರೆ ಏಟು ನೇರ ರಿಮ್ಮಿಗೂ ನಿಮ್ಮ ಸೊಂಟಕ್ಕೂ.

ಬಾನೆಟ್ ಮೇಲೆ ಕೈ

ಈಗ ಹಳೇ ಗಾಡಿ ನೋಡಲು ಹೊರಟಿದ್ದೀರಿ ಎಂದುಕೊಳ್ಳೋಣ. ಹಗಲಲ್ಲಿ ಹೋಗಿ, ಮಳೆಯಲ್ಲಿ ಬೇಡ. ಒದ್ದೆ ಬಾಡಿಯ ಮೇಲೆ ಎಲ್ಲ ಪೇಂಟೂ ಚೆನ್ನಾಗಿಯೇ ಕಾಣುತ್ತದೆ. "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿ. ಹೋದ ಕೂಡಲೇ ಮಾತಾಡುತ್ತಾ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ, ತಣ್ಣನೆಯ ಎಂಜಿನ್‌ನಲ್ಲಿ ಕೇಳಿಸುವ ಏನನ್ನೋ ಮುಚ್ಚುತ್ತಿದ್ದಾರೆ ಅಂತ ಅನುಮಾನ ಇಟ್ಟುಕೊಳ್ಳಿ.

ಇಗ್ನಿಷನ್ ಆನ್ ಮಾಡಿ, ಸ್ಟಾರ್ಟ್ ಮಾಡುವ ಮುಂಚೆ ಡ್ಯಾಶ್‌ಬೋರ್ಡ್ ನೋಡಿ. ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹೊತ್ತಿಕೊಳ್ಳಬೇಕು, ಆಮೇಲೆ ಆರಬೇಕು. ಏರ್‌ಬ್ಯಾಗ್ ದೀಪ ಆರದಿದ್ದರೆ ದೋಷ. ಅದು ಹೊತ್ತಲೇ ಇಲ್ಲವೆಂದರೆ ಇನ್ನೂ ಕೆಟ್ಟದು, ಯಾರೋ ಆ ದೀಪವನ್ನೇ ಸಾಯಿಸಿದ್ದಾರೆ. ಈಗ ಸ್ಟಾರ್ಟ್ ಮಾಡಿ, ಒಬ್ಬರನ್ನು ಹಿಂದೆ ನಿಲ್ಲಿಸಿ ಹೊಗೆ ನೋಡಿಸಿ. ಚಳಿಯಲ್ಲಿ ತೆಳ್ಳನೆ ಆವಿ ಮಾಮೂಲು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ ಬಂದರೆ ಎಂಜಿನ್ ತಂಪು ಮಾಡುವ ಕೂಲಂಟ್ ಸಿಲಿಂಡರಿನ ಒಳಗೆ ಹೋಗುತ್ತಿದೆ.

ಟೈರಿನ ಪಕ್ಕದಲ್ಲಿ DOT (ಡಿಒಟಿ) ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ ಟೈರು. ಇದು ಬರೀ ಟೈರಿನ ವಯಸ್ಸು ಹೇಳುವುದಿಲ್ಲ. ಮೀಟರ್ 18,000 ಕಿಲೋಮೀಟರ್ ತೋರಿಸುತ್ತಿದೆ, ಗಾಡಿ ನಾಲ್ಕು ವರ್ಷದ್ದು, ಟೈರು ನಾಲ್ಕೂ ಹೋದ ವರ್ಷದ್ದು. 18,000ಕ್ಕೆ ಟೈರು ಸವೆದುಹೋಯಿತೇ? ಮೀಟರ್ ತಿರುಗಿಸಿರಬಹುದು. ಬ್ರೇಕ್ ಪೆಡಲಿನ ರಬ್ಬರು, ಸ್ಟೇರಿಂಗಿನ ಮೇಲಿನ ನುಣುಪು, ಚಾಲಕನ ಸೀಟಿನ ಹೊರಅಂಚು, ಈ ಮೂರೂ ಮೀಟರಿನಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ಬಾನೆಟ್ ಹಿಂಜಿನ ಬೋಲ್ಟ್‌ಗಳ ಮೂಲೆಯಲ್ಲಿ ಪೇಂಟ್ ಒಡೆದಿದೆಯೇ ನೋಡಿ. ಒಡೆದಿದ್ದರೆ ಯಾರೋ ಸ್ಪ್ಯಾನರ್ ಹಾಕಿದ್ದಾರೆ, ಯಾಕೆ ಎಂದು ಕೇಳಿ. ಕಿಟಕಿ ಗಾಜುಗಳ ಮೂಲೆಯ ಮುದ್ರೆ ಹೋಲಿಸಿ, ಒಂದು ಗಾಜು ಬೇರೆ ಕಂಪನಿಯದಾದರೆ ಆ ಬಾಗಿಲಿಗೆ ಒಂದು ಕಥೆ ಇದೆ. ಮುಂದಿನ ಗಾಜು ಬದಲಾಗಿದ್ದು, ಅದರ ಹಿಂದೆ ಕ್ಯಾಮೆರಾ ಇದ್ದರೆ, ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸಿದ ಬಿಲ್ ಬೇಕು. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಆ ಕ್ಯಾಮೆರಾವನ್ನು ನಂಬಿರುತ್ತದೆ.

ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಪೂರ್ತಿ, ಇನ್ನು ಬರುವುದಿಲ್ಲ ಅನ್ನುವವರೆಗೆ. ನೀರಿನಲ್ಲಿ ಮುಳುಗಿದ ಗಾಡಿಯ ಸೀಟು ತೊಳೆಯುತ್ತಾರೆ, ಕಾರ್ಪೆಟ್ ಬದಲಿಸುತ್ತಾರೆ, ಸುತ್ತಿಕೊಂಡ ಬೆಲ್ಟಿನ ಆಳದ ಕೆಸರಿನ ಗೆರೆ ಮರೆಯುತ್ತಾರೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಗುಂಡಿಯ ತಳ ಮುಟ್ಟಿ. ಗಾಡಿಯೊಳಗೆ ಸೆಂಟಿನ ಘಾಟು ಜೋರಾಗಿದ್ದರೆ ನನಗೆ ಇನ್ನಷ್ಟು ಅನುಮಾನ.

ಒಂದು ಓಬಿಡಿ ರೀಡರ್ ಜೇಬಿನಲ್ಲಿರಲಿ, ಬೆಂಕಿಪೊಟ್ಟಣದಷ್ಟು ಚಿಕ್ಕದು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಮೊಬೈಲಿನಲ್ಲಿ ದೋಷದ ಕೋಡ್ ತೋರಿಸುತ್ತದೆ. ಕೋಡ್ ಏನೂ ಇಲ್ಲ ಎಂದು ಸಂತೋಷಪಡುವ ಮುಂಚೆ "ರೆಡಿನೆಸ್" ಎಂಬ ಪಟ್ಟಿ ತೆರೆಯಿರಿ. ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಮುಗಿಸಿದೆಯೇ ಎಂದು ಅಲ್ಲಿ ಬರುತ್ತದೆ. ಹೆಚ್ಚಿನವು "ಮುಗಿದಿಲ್ಲ" ಎಂದಿದ್ದರೆ, ಈಚೆಗೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಎರಡು-ಮೂರು ದಿನ ಓಡಿಸಿದ ಮೇಲೆ ಮತ್ತೆ ಬರುತ್ತೇನೆ ಎಂದು ಹೇಳಿ.

ವಿಐಎನ್ ಎಂಬ 17 ಅಕ್ಷರದ ಗಾಡಿಯ ಗುರುತಿನ ನಂಬರನ್ನು ಗಾಡಿಯ ಮೇಲೂ ಕಾಗದದಲ್ಲೂ ಒಂದೊಂದೇ ಅಕ್ಷರ ಹೋಲಿಸಿ. ಅದೇ ನಂಬರಿನಿಂದ ಕಂಪನಿಯ ಹತ್ತಿರ ರೀಕಾಲ್ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆಯುವುದು) ಬಾಕಿ ಇದೆಯೇ ಕೇಳಿ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್‌ನ ಇನ್‌ಫ್ಲೇಟರ್‌ಗಳು (ಬ್ಯಾಗ್ ಉಬ್ಬಿಸುವ ಭಾಗ) ಬಿಸಿ ಮತ್ತು ತೇವಕ್ಕೆ ಕೆಟ್ಟು, ಒಡೆದು, ಲೋಹದ ಚೂರು ಎರಚುತ್ತಿದ್ದವು. ಜಗತ್ತಿನಾದ್ಯಂತ ಸುಮಾರು 10 ಕೋಟಿ ಇನ್‌ಫ್ಲೇಟರ್‌ಗಳನ್ನು ವಾಪಸ್ ಕರೆದರು. ಬದಲಿಸಿಕೊಡುವುದು ಉಚಿತ, ಆದರೆ ಬದಲಿಸದ ಗಾಡಿಗಳೂ ಕೈಯಿಂದ ಕೈಗೆ ದಾಟುತ್ತಲೇ ಇರುತ್ತವೆ.

ಓಡಿಸುವಾಗ ಮ್ಯೂಸಿಕ್ ಬಂದ್, ಏಸಿಯೂ ಸ್ವಲ್ಪ ಹೊತ್ತು ಬಂದ್. ಮಾರುವವರು ಮಾತು ನಿಲ್ಲಿಸದಿದ್ದರೆ "ಒಂದೈದು ನಿಮಿಷ" ಎಂದು ನಗುತ್ತಾ ಹೇಳಿ. ಏರಿನಲ್ಲಿ ನಿಲ್ಲಿಸಿ ಮೆಲ್ಲಗೆ ಹೊರಡಿ. ಸಿವಿಟಿ ಆಗಲಿ ಡ್ಯುಯಲ್ ಕ್ಲಚ್ ಆಗಲಿ, ಗಡಗಡ ಅಂದರೆ ಇಲ್ಲೇ ಅನ್ನುತ್ತದೆ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ. ಟಕ್ ಟಕ್ ಬಂದರೆ ಮುಂದಿನ ಡ್ರೈವ್ ಶಾಫ್ಟ್ ಜಾಯಿಂಟ್ ಸವೆದಿದೆ. ಕನಿಷ್ಠ ಅರ್ಧ ಗಂಟೆ ಓಡಿಸಿ, ಗೇರ್‌ಬಾಕ್ಸ್ ಬಿಸಿಯಾಗಲಿ. ತಣ್ಣಗಿದ್ದಾಗ ಸಾಧುವಾಗಿದ್ದು ಬಿಸಿಯಾದ ಮೇಲೆ ಬಣ್ಣ ಬದಲಿಸುವ ಗೇರ್‌ಬಾಕ್ಸ್‌ಗಳನ್ನು ಕಂಡಿದ್ದೇನೆ.

ಇಷ್ಟೆಲ್ಲ ಆಗಿ ಮನಸ್ಸು ಒಪ್ಪಿದರೂ ದುಡ್ಡು ಕೊಡುವ ಮುಂಚೆ ನಿಮ್ಮ ಕಡೆಯ ಮೆಕ್ಯಾನಿಕ್ ಒಮ್ಮೆ ಗಾಡಿ ಎತ್ತಿ ಕೆಳಗಿನಿಂದ ನೋಡಲಿ. ಮಾರುವವರು ಸೂಚಿಸಿದ ಮೆಕ್ಯಾನಿಕ್ ಬೇಡ. ಅದಕ್ಕೆ ಅವರು ಒಪ್ಪದಿದ್ದರೆ ಬೇರೆ ಗಾಡಿ ನೋಡಿ. ಗಾಡಿ ಮನೆಗೆ ಬಂದ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಬ್ರೇಕ್ ಆಯಿಲ್, ಕೂಲಂಟ್ ಬದಲಿಸಿಬಿಡಿ. ಹಿಂದಿನವರು ಬದಲಿಸಿದ್ದೇವೆ ಎಂದರೂ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ವಾಲ್ವ್‌ಗಳನ್ನು ಪಿಸ್ಟನ್ ಜೊತೆ ಹೊಂದಿಸಿ ಓಡಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದು, ಅದನ್ನು ಯಾವಾಗ ಹಾಕಿದ್ದು ಅಂತ ಬಿಲ್ ಇಲ್ಲದಿದ್ದರೆ ಅದನ್ನೂ ಹೊಸದು ಹಾಕಿಸಿ. ಓಡುವಾಗ ಕಡಿದುಹೋದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಮತ್ತೆ ಒಂದು ಭಾನುವಾರ ಮನೆ ಮುಂದೆಯೇ, ಅವಸರವಿಲ್ಲದೆ, ಸ್ಟೆಪ್ನಿ ಬಿಚ್ಚಿ ಹಾಕಿ ನೋಡಿ. ಜಾಕ್ ಎಲ್ಲಿದೆ, ವೀಲ್ ಸ್ಪ್ಯಾನರ್ ಇದೆಯೋ ಇಲ್ಲವೋ, ಆವತ್ತೇ ಗೊತ್ತಾಗಲಿ. ನನ್ನ ಗಾಡಿಯಲ್ಲಿ ಇರಲಿಲ್ಲ.